ನಾಲ್ಕುನೂರಾ ಹದಿನೇಳನೆಯ ಬಿಲ್ಲೆ

ಅಂಬಮ್ಮನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಎಳೆಗುಡ್ಡ ಬಂಗಾರದ ಗಣಿಯ ಕಾಲೊನಿಯಲ್ಲಿ ಎಲ್ಲರೂ ಅವಳನ್ನು ಕಾಲಿಗೆ ಚಕ್ರ ಕಟ್ಟಿಕೊಂಡವಳು ಅನ್ನುತ್ತಿದ್ದರು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ರೇಣವ್ವ ಮಾತ್ರ ಬೆಳಗಿನ ಐದೂವರೆಗೆ, ಪಾಳಿಯ ಸೈರನ್ ಕೂಗಿದ ಮೇಲೂ, ನಿಧಾನಕ್ಕೆ ಬೂಟಿನ ಲೇಸು ಕಟ್ಟುತ್ತ ಕೂತಿದ್ದಳು.

“ಬುತ್ತಿ ಬಿಟ್ಟು ಹೊಂಟೀಯಲ್ಲ, ತಲಿ ಎಲ್ಲೈತಿ ನಿಂದು?” ಎಂದು ಅಂಬಮ್ಮ ರೊಟ್ಟಿಯ ಗಂಟು ಹಿಡಿದು ಬಾಗಿಲಿಗೆ ಓಡಿದಳು.

“ಹೆಲ್ಮೆಟ್ ಒಳಗೈತಿ ಬಿಡವ್ವ,” ಎಂದು ನಗುತ್ತ ಮಗಳು ಗಂಟು ಇಸಿದುಕೊಂಡು ಹೊರಟಳು. ಇಪ್ಪತ್ನಾಲ್ಕರ ಹುಡುಗಿ, ಗಣಿಯ ಆಳದಲ್ಲಿ ಬಂಡೆ ಎಷ್ಟು ಬಿರುಕು ಬಿಟ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಕೊರಳಲ್ಲಿ ಒಂದು ಹಿತ್ತಾಳೆ ಬಿಲ್ಲೆ. ಅದರ ಮೇಲೆ ೪೧೭ ಎಂದು ಕೆತ್ತಿದೆ. ಗಣಿಗೆ ಇಳಿಯುವವರಿಗೆಲ್ಲ ಒಂದೊಂದು ಬಿಲ್ಲೆ ಇರುತ್ತದೆ, ಬಿಲ್ಲೆಯ ಬೆನ್ನಿಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಅಂಟಿಸಿರುತ್ತಾರೆ. ಇಳಿಯುವಾಗ ಬಾಗಿಲಿನ ಕಂಬಕ್ಕೆ ಒಮ್ಮೆ ತಾಗಿಸಬೇಕು, ಏರಿ ಬಂದಾಗ ಇನ್ನೊಮ್ಮೆ ತಾಗಿಸಬೇಕು.

ಒಳಗಿನ ಮಂಚದಿಂದ ಎಂಬತ್ಮೂರರ ನಿಂಗವ್ವ ಕೂಗಿದಳು. “ಅಂಬೀ, ಯಂಕೋಬ ಇಳದನೇನ?”

ಯಂಕೋಬ ನಿಂಗವ್ವನ ಮಗ, ಅಂಬಮ್ಮನ ಗಂಡ. ಗಣಿಯ ದೂಳು ಪುಪ್ಪುಸಕ್ಕೆ ಇಳಿದು ಅವನು ಸತ್ತು ಆರು ವರ್ಷವಾಗಿತ್ತು. ಮುದುಕಿಗೆ ಮರೆವು ಹತ್ತಿದ್ದೂ ಆಗಲೇ. ಮೊದಮೊದಲು ಅಂಬಮ್ಮ ನಿಜ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಮುದುಕಿ ಅದನ್ನು ಹೊಸ ಸುದ್ದಿಯಂತೆ ಕೇಳಿ ಎದೆ ಎದೆ ಬಡಿದುಕೊಂಡು ಅಳುತ್ತಿತ್ತು. ಒಂದೇ ಸಾವನ್ನು ದಿನಾ ಯಾರು ಅತ್ತಾರು? ಹದಿನೈದು ದಿನಕ್ಕೆ ಅಂಬಮ್ಮ ಸೋತಳು. “ಪಾಳಿಗೆ ಹೋಗ್ಯಾನತ್ತಿ,” ಅನ್ನತೊಡಗಿದಳು.

ಹಾಗಂದರೆ ಮುದುಕಿ ಸುಮ್ಮನಾಗುವ ಪೈಕಿಯಲ್ಲ, ಪುರಾವೆ ಬೇಕು. ಅದಕ್ಕೆ ಅಂಬಮ್ಮ ಗೋಡೆಯ ಮೇಲೆ ಒಂದು ಪರದೆ ತೂಗುಹಾಕಿ, ಗಣಿಯ ಇಳಿಕೆ–ಏರಿಕೆಯ ಪುಟವನ್ನು ಅದರಲ್ಲಿ ತೆರೆದಿಟ್ಟಿದ್ದಳು. ರೇಣವ್ವ ಗಣಿಗೆ ಸೇರಿ ಅಪ್ಪನ ಬಿಲ್ಲೆ ತೊಟ್ಟ ದಿನದಿಂದ ಆ ಪುಟದಲ್ಲಿ ದಿನಾ ಆರು ಗಂಟೆಗೆ ‘೪೧೭, ಯಂಕೋಬ, ಕೆಳಗೆ’ ಎಂದೂ, ಎರಡು ಗಂಟೆಗೆ ‘೪೧೭, ಯಂಕೋಬ, ಮೇಲೆ’ ಎಂದೂ ಮೂಡುತ್ತಿತ್ತು. ಮುದುಕಿಗೆ ಓದು ಅಷ್ಟಕ್ಕಷ್ಟೆ, ಆದರೆ ಮಗನ ಹೆಸರು ಮತ್ತು ಬಿಲ್ಲೆಯ ಅಂಕಿ ಗುರುತು ಹಿಡಿಯುತ್ತಿತ್ತು.

“ಇನ್ನಾ ಐದು ಮುಕ್ಕಾಲು. ಈಗ ಇಳೀತಾನ, ನೋಡಕೋಂತ ಕೂಡು,” ಎಂದು ಅಂಬಮ್ಮ ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದಳು.

*

ಮಗಳು ಅಪ್ಪನ ಹೆಸರಿನಲ್ಲಿ ಗಣಿಗೆ ಇಳಿಯುವುದು ಎಂದರೆ ಹೊರಗಿನವರಿಗೆ ವಿಚಿತ್ರ ಅನ್ನಿಸೀತು. ಎಳೆಗುಡ್ಡದಲ್ಲಿ ಅದು ರೂಢಿ, ಮತ್ತು ಆ ರೂಢಿ ಹುಟ್ಟಿದ್ದು ಒಂದು ವೆಬ್ ಪುಟದ ಹಟದಿಂದ.

ಇಳಿಕೆ–ಏರಿಕೆಯ ಪುಟ ಬರೆದದ್ದು ನಲವತ್ತು ವರ್ಷದ ಹಿಂದೆ. ಬರೆದ ಕಂಪನಿ ಮುಚ್ಚಿ ಮೂವತ್ತು ವರ್ಷ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರ ಬಳಿಯೂ ಇಲ್ಲ. ಅದರೊಳಗೆ ೯೯೯ ಹೆಸರಿಗೆ ಮಾತ್ರ ಜಾಗ, ಮತ್ತು ಒಮ್ಮೆ ಬರೆದ ಹೆಸರು ತಿದ್ದಲು ಬರುವುದಿಲ್ಲ. ಜಾಗ ತುಂಬಿದ ಮೇಲೆ ಗಣಿಗೆ ಸೇರಿದವರಿಗೆ ನಿವೃತ್ತರಾದವರ ಬಿಲ್ಲೆ ಕೊಡತೊಡಗಿದರು. ಆದೇಶ ಹೊರಡಿಸಿದವರು ಯಾರೂ ಇಲ್ಲ, ನಡೆದುಕೊಂಡು ಬಂತು. ಬರಬರುತ್ತ ಅದಕ್ಕೊಂದು ಶಾಸ್ತ್ರವೂ ಹುಟ್ಟಿತು. ಹಳಬ ಬಂದು ಬಿಲ್ಲೆಗೆ ಅರಿಶಿನ ಕುಂಕುಮ ಹಚ್ಚಿ ಹೊಸಬನ ಕೊರಳಿಗೆ ಹಾಕಬೇಕು. ಸತ್ತವರ ಬಿಲ್ಲೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಇಳಿಯುವವರು ತಲೆದೀಪ ತೆಗೆದುಕೊಳ್ಳುವ ದೀಪದ ಕೋಣೆಯಲ್ಲಿ ಅಂಬಾದೇವಿಯ ಪಟದ ಕೆಳಗೆ ಮೊಳೆಗೆ ನೇತುಹಾಕುತ್ತಿದ್ದರು. ಕೊಟ್ಟ ಹಳಬ ಆಮೇಲೆ ತೀರಿಕೊಂಡರೂ ಬಿಲ್ಲೆ ಮೊಳೆಗೇ ಹೋಗುತ್ತಿತ್ತು, ತೊಟ್ಟವನಿಗೆ ಬೇರೆ ಬಿಲ್ಲೆ.

ರೇಣವ್ವ ಹಟ ಹಿಡಿದಿದ್ದಳು. “ನಮ್ಮಪ್ಪನ ಬಿಲ್ಲಿ ಕೊಟ್ರ ಇಳೀತೀನಿ, ಇಲ್ಲಂದ್ರ ಇಲ್ಲ.” ಮೇಸ್ತ್ರಿಗಳು ಗೊಣಗಿದರು. ಕೊನೆಗೆ ಮೊಳೆಯಿಂದ ಬಿಲ್ಲೆ ತೆಗೆದು, ಅರಿಶಿನ ಹಚ್ಚಿ ಮಗಳ ಕೊರಳಿಗೆ ಹಾಕಿದವಳು ಅಂಬಮ್ಮನೇ.

ಆ ಪುಟವನ್ನು ಬದುಕಿಸಿಟ್ಟಿದ್ದವಳೂ ಅಂಬಮ್ಮನೇ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಅದು. ಗಣಿಯಲ್ಲಿ ಅವಳನ್ನು ‘ಹಳೇ ಪುಟದ ಅಂಬಮ್ಮ’ ಎಂದೇ ಕರೆಯುತ್ತಿದ್ದರು. ಪುಟ ನಂಬುತ್ತಿದ್ದದ್ದು ಒಂದೇ ಒಂದು ಬ್ರೌಸರನ್ನು. ಆ ಬ್ರೌಸರು ಮಣ್ಣಾಗಿ ಯಾವುದೋ ಕಾಲವಾಗಿತ್ತು. ಬೇರೆ ಬ್ರೌಸರಿನಲ್ಲಿ ತೆರೆದರೆ ಮುನಿಸಿಕೊಂಡ ಅಳಿಯನ ಹಾಗೆ ಮಾತೇ ಆಡುತ್ತಿರಲಿಲ್ಲ. ಅದಕ್ಕೆ ಅಂಬಮ್ಮ ಒಂದು ‘ಪೊರೆ’ ನೇಯ್ದಿದ್ದಳು. ಪುಟಕ್ಕೂ ಹೊಸ ಬ್ರೌಸರಿಗೂ ನಡುವೆ ಕೂತು ಪುಟ ಕೇಳಿದ್ದಕ್ಕೆಲ್ಲ ಬೇಕಾದ ಉತ್ತರ ಹೇಳುವ ತಂತ್ರಾಂಶ ಅದು. ನೀನು ಯಾವ ಬ್ರೌಸರು ಎಂದು ಪುಟ ಕೇಳಿದರೆ, ನೀನು ಬಲ್ಲ ಅದೇ ಹಳಬ ಅನ್ನುವುದು. ಇವತ್ತು ಯಾವ ಇಸವಿ ಎಂದು ಕೇಳಿದರೆ, ೨೦೧೧ ಅನ್ನುವುದು. ಪ್ರತಿ ಜನವರಿಗೂ ಅದಕ್ಕೆ ಮತ್ತೆ ಅದೇ ೨೦೧೧. ಯಾಕೆಂದರೆ ಪುಟದ ಪರವಾನಗಿ ಆ ವರ್ಷದ ಡಿಸೆಂಬರಿಗೆ ಮುಗಿಯುತ್ತಿತ್ತು. ನಿಜವಾದ ತಾರೀಖು ಒಮ್ಮೆ ಕಿವಿಗೆ ಬಿದ್ದರೆ ಪುಟ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ, ಬೀಗದ ಕೈ ಮುಚ್ಚಿಹೋದ ಕಂಪನಿಯ ಜೊತೆಗೇ ಹೋಗಿದೆ.

“ಮನ್ಯಾಗ ಅತ್ತಿಗೆ ಹೇಳೂದು, ಇಲ್ಲಿ ಪುಟಕ್ಕ ಹೇಳೂದು. ಸುಳ್ಳು ಹೇಳೂದ ನನ್ನ ಕಸಬು ಆಗೇತಿ ನೋಡು,” ಎಂದು ಅವಳು ಆಗಾಗ ನಗುತ್ತಿದ್ದಳು.

ಹೊಸ ಪುಟ ಬರೆಸಿ ಎಂದು ಅವಳು ಮೇಲಿನವರಿಗೆ ಏಳು ಸಲ ಬರೆದಿದ್ದಳು. ನಡೆಯುತ್ತಿದೆಯಲ್ಲ, ನಡೆಯಲಿ ಬಿಡಿ ಎಂಬ ಉತ್ತರ ಏಳು ಸಲ ಬಂದಿತ್ತು. ನಡೆಯುವ ಎತ್ತಿಗೆ ಯಾರು ಮೇವು ಕೇಳುತ್ತಾರೆ?

*

ಅವತ್ತು ಬೆಳಿಗ್ಗೆ ಹತ್ತಕ್ಕೆ ದೇಶದ ಎಲ್ಲ ಬ್ರೌಸರುಗಳೂ ಒಟ್ಟಿಗೆ ಹೊಸ ಆವೃತ್ತಿಗೆ ಏರುವುದಿತ್ತು. ಅಂಬಮ್ಮ ಹಿಂದಿನ ದಿನವೆಲ್ಲ ಪೊರೆಯ ಎಳೆಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ್ದಳು.

ಈ ಸಲದ ಆವೃತ್ತಿಯಲ್ಲಿ ಹೊಸ ಕಾಯ್ದೆಯೊಂದು ಸೇರಿತ್ತು. ಸತ್ತವರ ದನಿ ಮಾಡಿ, ಸತ್ತವರ ಹೆಸರಿನಲ್ಲಿ ಬದುಕಿದವರನ್ನು ಕರೆದು ಮೋಸ ಮಾಡುವ ದಂಧೆ ಮಿತಿಮೀರಿ, ಜನ ರೋಸಿಹೋಗಿ, ಕೊನೆಗೆ ಸರ್ಕಾರ ‘ಅಗಲಿದವರ ಹೆಸರಿನ ಕಾಯ್ದೆ’ ತಂದಿತ್ತು. ಸತ್ತವರ ಹೆಸರು ಯಾವ ಪುಟದಲ್ಲಿದ್ದರೂ ಬ್ರೌಸರು ತಾನೇ ಗುರುತು ಹಿಡಿದು ಅದನ್ನು ತೋರಿಸದೆ ಬಿಡುತ್ತದೆ. ಶ್ರದ್ಧಾಂಜಲಿ ಪುಟಗಳಿಗೆ ಮತ್ತು ಮೊದಲೇ ತಿಳಿಸಿದ ಹಳೇ ಪುಟಗಳಿಗೆ ಮಾತ್ರ ವಿನಾಯಿತಿ. ಹೋದ ವರ್ಷ ಸರ್ಕಾರಿ ಪುಟಗಳಲ್ಲಿ ಜಾರಿಯಾಗಿತ್ತು, ಇವತ್ತಿನಿಂದ ಕಂಪನಿಗಳ ಪುಟಗಳಿಗೂ.

ಜನ ಇದಕ್ಕೂ ಒಗ್ಗಿಕೊಳ್ಳುತ್ತಿದ್ದರು. ರೇಷನ್ ಪುಟದಲ್ಲಿ ಗಂಡನ ಹೆಸರು ಮಾಯವಾದಾಗ ಅಂಬಮ್ಮನೇ ಅರ್ಧ ದಿನ ಅನ್ನ ಬಿಟ್ಟಿದ್ದಳು. ಪಕ್ಕದ ಮನೆಯ ದುರುಗಪ್ಪ ಮದುವೆಯ ಕರೆಯೋಲೆ ಕಳಿಸಿದರೆ ಅದರಲ್ಲಿ ಅವನ ತಂದೆಯ ಹೆಸರಿನ ಜಾಗ ಬೋಳು. ಅವನು ಸಿಟ್ಟಿಗೆದ್ದು ಸುಣ್ಣ ತಂದು ಮನೆಯ ಗೋಡೆಯ ಮೇಲೆ ಮೊಳದುದ್ದ ಅಕ್ಷರದಲ್ಲಿ ಅಪ್ಪನ ಹೆಸರು ಬರೆದಿದ್ದ. ನೋಡಿ ಇಡೀ ಓಣಿ ಬರೆಯಿತು. ಕಾಲೊನಿಯ ಗೋಡೆಗಳೆಲ್ಲ ಈಗ ಅಜ್ಜ ಮುತ್ತಜ್ಜರಿಂದ ತುಂಬಿದ್ದವು.

ಹಳೇ ಪುಟಗಳಿಗೆ ಕಾಯ್ದೆಯವರು ಹೊಂದಾಣಿಕೆಯ ಪರೀಕ್ಷೆ ಇಟ್ಟಿದ್ದರು. ಹೋದ ತಿಂಗಳು ಅಂಬಮ್ಮ ಗುಂಡ, ತಿಮ್ಮ ಎಂಬ ಕಲ್ಪಿತ ಹೆಸರುಗಳನ್ನು ತುಂಬಿ ಪುಟವನ್ನು ಪರೀಕ್ಷೆಗೆ ಕೂರಿಸಿದ್ದಳು. ಪೊರೆ ಎಲ್ಲವನ್ನೂ ಗೆದ್ದಿತ್ತು. ಜೊತೆಗಿದ್ದ ನಲವತ್ತು ಪ್ರಶ್ನೆಗಳ ನಮೂನೆಯನ್ನು ಊಟಕ್ಕೆ ಹೊರಡುವ ಮೊದಲು ಒಂದೇ ಉಸಿರಿಗೆ ತುಂಬಿ ಕಳಿಸಿದ್ದಳು.

ಹತ್ತು ಗಂಟೆಗೆ ಆಫೀಸಿನ ಪರದೆಗಳು ಕಣ್ಣು ಮಿಟುಕಿಸಿ ಮತ್ತೆ ತೆರೆದವು. ಪುಟ ಬಂತು. ನೀಲಿ ಅಂಚು, ಕೆಂಪು ಗುಂಡಿ, ಎಲ್ಲ ಇದ್ದಲ್ಲೇ ಇತ್ತು. ಅಂಬಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. ಮೂಲೆಯಲ್ಲಿದ್ದ ‘ಕೆಳಗಿರುವವರು: ೨೧೨’ ಎಂಬ ಸಾಲು ‘೨೧೧’ ಆಗಿದ್ದನ್ನು ಅವಳು ನೋಡಲಿಲ್ಲ. ನಡುಹೊತ್ತಿನಲ್ಲಿ ಆ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ.

ಹನ್ನೊಂದಕ್ಕೆ ಮನೆಯಿಂದ ಫೋನು.

“ಅಂಬೀ, ಯಂಕೋಬ ಪರದ್ಯಾಗ ಇಲ್ಲ.”

“ಬ್ಯಾರೆ ಪುಟ ಒತ್ತೀ ನೀನು.”

“ನಾ ಒತ್ತಿಲ್ಲವ್ವ, ಕೈ ಸೈತ ಹಚ್ಚಿಲ್ಲ. ಮುಂಜಾನಿ ಇದ್ದ. ನಾಕುನೂರಾ ಹದಿನಾರರವ ಅದಾನ, ಹದಿನೆಂಟರವ ಅದಾನ. ನಮ್ಮವ ಎಲ್ಲಿ?”

“ಅತ್ತೀ, ಹೊಸಾ ಬ್ರೌಸರ್ ಬಂದೈತಿ ಇವತ್ತ, ನನ್ನ ಜೀವ ತಿನಬ್ಯಾಡ. ಕೆಳಗ ಅದಾನ ಅವ. ಚಾ ಕುಡಿ, ಸುಮ್ಮನ ಮಕ್ಕೋ.”

ಫೋನಿಟ್ಟ ಮೇಲೆ ಅಂಬಮ್ಮನಿಗೆ ಯಾಕೋ ಕೂರಲಾಗಲಿಲ್ಲ. ಎದ್ದು ಕಿಟಕಿಗೆ ಹೋದಳು, ಬಂದಳು. ನೀರು ಕುಡಿದಳು. ಅತ್ತೆಗೆ ಗದರಿದ್ದಕ್ಕೆ ಬೇಜಾರು ಇರಬೇಕು ಎಂದುಕೊಂಡಳು. ಉಗ್ರಾಣದ ಪುಟ ಒಂದು ಕಡೆ ಹಲುಬುತ್ತಿತ್ತು, ಅದರ ಪೊರೆ ತಿದ್ದುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ.

*

ಎರಡನೆಯ ಶಾಫ್ಟಿನ ಪಕ್ಕದ ನಿಯಂತ್ರಣ ಕೋಣೆಯಲ್ಲಿ ಖಾಜಾಹುಸೇನ್ ಪಾಳಿ ಮುಗಿಯುವುದನ್ನೇ ಕಾಯುತ್ತ ಕೂತಿದ್ದ. ಬಂಡೆ ಸಿಡಿಸುವ ಜವಾಬ್ದಾರಿ ಅವನದು. ಇಪ್ಪತ್ತೆರಡು ವರ್ಷದಲ್ಲಿ ಯಾರದೂ ಒಂದು ಕೂದಲು ಕೊಂಕಿಸದ ಮನುಷ್ಯ. ಕೆಲಸದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಾಜೂಕು.

ವಿಧಾನ ಸರಳ. ಬೆಳಗಿನ ಪಾಳಿಯವರು ಎರಡಕ್ಕೆ ಪಂಜರದಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಏರುತ್ತಾರೆ, ಮಧ್ಯಾಹ್ನದವರು ಮೂರೂವರೆಗೆ ಇಳಿಯುತ್ತಾರೆ. ನಡುವೆ, ಎರಡೂವರೆಗೆ ಸರಿಯಾಗಿ, ಹದಿನೈದನೆಯ ಅಂತಸ್ತಿನಲ್ಲಿ ತುಂಬಿಟ್ಟ ಮದ್ದು ಸಿಡಿಸಬೇಕು. ‘ಕೆಳಗಿರುವವರು: ೦’ ಎಂದು ಪುಟದಲ್ಲಿ ಬಂದ ಮೇಲೆಯೇ ಗುಂಡಿ ಹಸಿರಾಗುತ್ತದೆ. ಒಬ್ಬನೇ ಒಬ್ಬ ಕೆಳಗಿದ್ದರೂ ಕೆಂಪಗಿರುತ್ತದೆ, ಮತ್ತು ಆ ಒಬ್ಬನ ಬಿಲ್ಲೆಗೆ ಪುಟವೇ ಕರೆ ಕಳಿಸುತ್ತದೆ. ಬಿಲ್ಲೆ ಕೊರಳಲ್ಲಿ ಗುಂಯ್ಗುಡುತ್ತ ನಡುಗುತ್ತದೆ. ಮೊದಲು ದೀಪದ ಕೋಣೆಯ ಹಲಗೆಯ ಮೇಲೆ ಬಿಲ್ಲೆಗಳನ್ನೂ ಕೈಯಿಂದ ಎಣಿಸುತ್ತಿದ್ದರು. ಪುಟ ಒಂದು ದಿನವೂ ತಪ್ಪಿಲ್ಲ ಎಂದು ಐದು ವರ್ಷದ ಹಿಂದೆ ಆ ಹಲಗೆಯನ್ನು ತೆಗೆದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಫೀಸಿನ ಪಡಸಾಲೆಯಲ್ಲಿ ಪ್ರದರ್ಶನಕ್ಕೆ ಹಾಕಿದ್ದರು.

ಎರಡು ಹದಿನೈದಕ್ಕೆ ನಿಯಂತ್ರಣ ಕೋಣೆಯ ಫೋನು ಹೊರಗಿನವರಿಗೆ ಬಂದಾಗುತ್ತದೆ. ಸಿಡಿಸುವವನ ಗಮನ ಕೆಡಬಾರದೆಂದು ಹಳೇ ನಿಯಮ. ಕೆಳಗಿನ ಅಂತಸ್ತುಗಳಿಂದ ಮಾತ್ರ ಕರೆ ಬರಬಹುದು. ಅವತ್ತು ಕರೆ ಬರಲಿಲ್ಲ. ಒಂಬತ್ತು, ನಾಲ್ಕು, ಒಂದು ಎಂದು ಸಂಖ್ಯೆ ಇಳಿದು ಎರಡು ಹದಿನೆಂಟಕ್ಕೆ ಸೊನ್ನೆಯಾಯಿತು. ಗುಂಡಿ ಹಸಿರಾಯಿತು. ಖಾಜಾಹುಸೇನ್ ಕೊರಳಿನಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟು ಗಡಿಯಾರ ನೋಡಿದ.

ಹದಿನಾಲ್ಕನೆಯ ಅಂತಸ್ತಿನ ಪೂರ್ವದ ತುದಿಯಲ್ಲಿ, ಆ ಮದ್ದಿನ ನೆತ್ತಿಯ ಮೇಲೇ, ರೇಣವ್ವ ಒಬ್ಬಳೇ ಇದ್ದಳು. ಅಳತೆಯವಳು ಯಾವ ಗ್ಯಾಂಗಿಗೂ ಸೇರಿದವಳಲ್ಲ, ಅವಳಿಲ್ಲ ಎಂದು ಎಣಿಸುವ ಮೇಸ್ತ್ರಿಯೂ ಇಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡು, ಬಿರುಕಿನೊಳಗೆ ಯಂತ್ರದ ಮೂತಿ ತೂರಿಸಿ, ಬಂಡೆಯ ಗುಟ್ಟು ಕೇಳುತ್ತಿದ್ದಳು. ಹೊತ್ತಾದರೆ ಬಿಲ್ಲೆ ನಡುಗುತ್ತದೆ ಎಂಬ ಧೈರ್ಯ ಅವಳಿಗೆ. ಯಾವತ್ತೂ ಹಾಗೆಯೇ ನಡೆದಿತ್ತು.

*

ಎರಡು ಹತ್ತೊಂಬತ್ತಕ್ಕೆ ಅಂಬಮ್ಮನ ಫೋನು ಮತ್ತೆ ಬಡಿದುಕೊಂಡಿತು.

“ಯಂಕೋಬ ಮ್ಯಾಲ ಬಂದನೇನ?”

ದಿನಾ ಕೇಳುವ ಪ್ರಶ್ನೆ, ದಿನಾ ಹೇಳುವ ಉತ್ತರ. ‘ಬಂದಾನತ್ತಿ’ ಎಂದು ನಾಲಿಗೆಯ ತುದಿಗೆ ಬಂದಿತ್ತು. ರೂಢಿಯಂತೆ ಅವಳ ಕಣ್ಣು ಪರದೆಯ ಕಡೆ ಹೋಯಿತು. ೪೧೬. ೪೧೮. ನಡುವೆ ಖಾಲಿ ಸಾಲು ಕೂಡ ಇರಲಿಲ್ಲ. ಎರಡೂ ಒತ್ತಾಗಿ, ಹುಟ್ಟಿದಾಗಿನಿಂದ ಹಾಗೇ ಇದ್ದವರಂತೆ ಕೂತಿದ್ದವು.

“ಅಂಬೀ? ಎಲ್ಲಾರೂ ಬಂದ್ರು. ನನ್ನ ಮಗ ಇಳದದ್ದೂ ಇಲ್ಲ, ಬಂದದ್ದೂ ಇಲ್ಲ. ಏನ ಮಾಡೀರಿ ಅವನ್ನ?”

ಅಂಬಮ್ಮ ಫೋನು ಇಟ್ಟು ಪರದೆಗೆ ಬಾಗಿದಳು.

ಪೊರೆಯನ್ನು ಅವಳು ಕಟ್ಟಿದ್ದು ಪುಟದ ಕಣ್ಣಿಗೆ. ಬ್ರೌಸರಿನ ಕಣ್ಣಿಗಲ್ಲ. ಬ್ರೌಸರು ತನ್ನ ಪಾಡಿಗೆ ತಾನು, ಕಾಯ್ದೆ ಹೇಳಿದ ಹಾಗೆ, ಸತ್ತವನ ಸಾಲನ್ನು ಮರ್ಯಾದೆಯಿಂದ ಎತ್ತಿಟ್ಟುಬಿಟ್ಟಿತ್ತು. ಆ ಹಳೇ ಕಂಪನಿಯ ಸೋಮಾರಿಗಳು ಎಣಿಕೆಯನ್ನು ದಾಖಲೆಯಿಂದ ಮಾಡದೆ ಪರದೆಯ ಮೇಲೆ ಕಂಡ ಸಾಲುಗಳನ್ನು ಎಣಿಸುವ ಹಾಗೆ ಪುಟ ಬರೆದಿದ್ದರು. ಕಾಣದ ಸಾಲು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದವಳಿಗೆ ಕರೆಯೂ ಇಲ್ಲ.

ಸೊನ್ನೆ ಎಂದರೆ ಸೊನ್ನೆಯಲ್ಲ. ಬಿಲ್ಲೆ ನಡುಗದೆ ಏರುವವಳಲ್ಲ ಮಗಳು, ಕೆಳಗೇ ಇದ್ದಾಳೆ.

ಮರುಗಳಿಗೆಗೆ ಆ ನಮೂನೆ ನೆನಪಾಯಿತು. ಮೂವತ್ತೊಂದನೆಯ ಪ್ರಶ್ನೆ ಕಣ್ಣಿಗೆ ಕಟ್ಟಿದ ಹಾಗೆ ಬಂತು: ಈ ಪುಟದಲ್ಲಿ ಮೃತಪಟ್ಟವರ ಹೆಸರುಗಳು ಬಳಕೆಯಲ್ಲಿವೆಯೇ? ಹೌದು ಎಂದಿದ್ದರೆ ಪುಟಕ್ಕೆ ವಿನಾಯಿತಿ ಸಿಗುತ್ತಿತ್ತು. ಅವಳು ‘ಇಲ್ಲ’ ಎಂದು ಗುರುತು ಹಾಕಿದ್ದಳು. ಅವಸರಕ್ಕಲ್ಲ, ಉಡಾಫೆಯಿಂದಲೂ ಅಲ್ಲ. ಪ್ರಶ್ನೆ ಓದಿ, ಅರ್ಥ ಮಾಡಿಕೊಂಡು, ಇಲ್ಲ ಎಂದಿದ್ದಳು. ಆರು ವರ್ಷ ದಿನಕ್ಕೆರಡು ಸಲ ಯಂಕೋಬ ಇಳಿದ, ಯಂಕೋಬ ಬಂದ ಎಂದು ಹೇಳಿ ಹೇಳಿ, ಆ ಪುಟದ ಮಟ್ಟಿಗೆ ಅವಳ ಗಂಡ ಬದುಕಿಯೇ ಇದ್ದ. ಮುದುಕಿಗೆ ಹೇಳಿದ ಸುಳ್ಳನ್ನು ತಾನೂ ನಂಬಿದ್ದಳು.

ಅವಳು ನಿಯಂತ್ರಣ ಕೋಣೆಗೆ ಫೋನು ಹಚ್ಚಿದಳು. ಬಂದ್. ಮಗಳ ಈ ವಾರದ ಅಳತೆ ಹದಿನಾಲ್ಕನೆಯ ಅಂತಸ್ತಿನಲ್ಲಿ, ಅಲ್ಲಿಗೆ ಹಚ್ಚಿದಳು. ಅದು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಎರಡನೆಯ ಶಾಫ್ಟಿಗೆ ಎರಡು ಮೈಲಿ. ಕಾಲಿಗೆ ಚಕ್ರ ಕಟ್ಟಿಕೊಂಡವಳಾದರೂ ಎಂಟು ನಿಮಿಷಕ್ಕೆ ಓಡಲಾರಳು. ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತೆರಡು.

ತಂತಿ ಕೀಳಬಹುದೇ? ಕಿತ್ತರೂ ಪುಟ ಕೊನೆಗೆ ಕಂಡದ್ದನ್ನೇ ನಂಬಿಕೊಂಡು ಹಸಿರಾಗಿಯೇ ಕೂತಿರುತ್ತದೆ. ಅದರ ಸ್ವಭಾವ ಅವಳಿಗೆ ಗೊತ್ತು. ಹತ್ತೊಂಬತ್ತು ವರ್ಷ ಸಾಕಿದ್ದಾಳೆ. ಗುಂಡಿ ಆರಬೇಕಾದರೆ ಒಂದೇ ದಾರಿ. ಪೊರೆ ತೆಗೆದು ಪುಟಕ್ಕೆ ನಿಜ ಹೇಳಬೇಕು.

ಹೇಳಿದರೆ ಅದು ಮತ್ತೆ ಏಳುವುದಿಲ್ಲ. ಯಾರು ಯಾವ ದಿನ ಇಳಿದರು, ಯಾರು ಬಂದರು ಎಂಬ ನಲವತ್ತು ವರ್ಷದ ದಾಖಲೆ ಅದರೊಳಗೇ ಬೀಗ ಬಿದ್ದು ಉಳಿಯುತ್ತದೆ. ಯಂಕೋಬನ ಏಳು ಸಾವಿರ ಇಳಿಕೆ, ಏಳು ಸಾವಿರ ಏರಿಕೆ ಅದರಲ್ಲಿವೆ. ಅವನು ಕೊನೆಯ ಸಲ ಏರಿ ಬಂದ ಗಳಿಗೆಯೂ ಅದರಲ್ಲಿದೆ. ಅವಳು ಒಬ್ಬಳೇ ಇದ್ದಾಗ ತೆರೆದು ನೋಡುತ್ತಿದ್ದ ಸಾಲು ಅದು.

ಅವಳ ಕೈ ಒಂದು ಕ್ಷಣ ತಡೆಯಿತು. ಅಷ್ಟೆ. ಪೊರೆಯನ್ನು ಒಂದೇ ಏಟಿಗೆ ಕಿತ್ತಳು.

ಪುಟ ಎಂದಿನಂತೆ ಕೇಳಿತು, ನೀನು ಯಾವ ಬ್ರೌಸರು? ಹೊಸ ಬ್ರೌಸರು ತನ್ನ ಹೆಸರು ಹೇಳಿತು. ಇವತ್ತು ಯಾವ ತಾರೀಖು? ಅದನ್ನೂ ಹೇಳಿತು. ಪರದೆ ಬೆಳ್ಳಗಾಯಿತು. ನಡುವೆ ಎರಡು ಸಾಲು ಮೂಡಿದವು: ಈ ತಂತ್ರಾಂಶದ ಅವಧಿ ಮುಗಿದಿದೆ. ದಯವಿಟ್ಟು ಮಾರಾಟಗಾರರನ್ನು ಸಂಪರ್ಕಿಸಿ.

ಎರಡು ಇಪ್ಪತ್ತೇಳಕ್ಕೆ ಖಾಜಾಹುಸೇನನ ಫೋನು ಬಂತು. ನಿಯಮ ಮುರಿದು ಅವನೇ ಹಚ್ಚಿದ್ದ, ದನಿಯಲ್ಲಿ ಕೆಂಡ ಇತ್ತು. “ಅಕ್ಕಾ, ಕೀಲಿ ಹಾಕೀನಿ, ಮೂರು ನಿಮಿಷ ಐತಿ, ನಿನ್ನ ಪುಟ ಕಣ್ಣ ಮುಚ್ಚಿ ಕುಂತೈತಿ! ಏನ ಆಟ ಹಚ್ಚೀಯಿದು?”

“ಕೀಲಿ ತಗೀ ಖಾಜಣ್ಣ. ಕೆಳಗ ಒಬ್ಬಾಕಿ ಅದಾಳ.”

“ಸೊನ್ನಿ ಇತ್ತಲ್ಲ. ನನ್ನ ಕಣ್ಣಾರೆ ನೋಡೀನಿ.”

“ಸೊನ್ನಿ ಸುಳ್ಳು. ಹದಿನಾಕರಾಗ ನನ್ನ ಮಗಳದಾಳ. ಪಂಜರ ಬಿಡು, ನಿನ್ನ ಕಾಲಿಗೆ ಬೀಳ್ತೀನಿ, ಪಂಜರ ಬಿಡು.”

ಆ ಕಡೆ ಕೀಲಿ ಮೇಜಿನ ಮೇಲೆ ಬಿದ್ದ ಸದ್ದು ಬಂತು.

*

ಅಂಬಮ್ಮ ಶಾಫ್ಟಿನ ಬಾಯಿಗೆ ಹೇಗೆ ತಲುಪಿದಳೋ ಅವಳಿಗೇ ಗೊತ್ತಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ರೇಣವ್ವನನ್ನು ಕರೆತರಲು ಒಬ್ಬ ಮೇಸ್ತ್ರಿಯನ್ನು ಪಂಜರದಲ್ಲಿ ಇಳಿಸಿ, ಖಾಜಾಹುಸೇನ್ ಕಟಕಟೆಗೆ ಆನಿಕೊಂಡು ನಿಂತಿದ್ದ. ಬೀಡಿ ಹಚ್ಚಲು ನೋಡಿ, ಶಾಫ್ಟಿನ ಬಾಯಲ್ಲಿ ಬೆಂಕಿ ಹಚ್ಚಬಾರದು ಎಂದು ನೆನಪಾಗಿ ಮತ್ತೆ ಕಿಸೆಗೆ ಹಾಕಿಕೊಂಡ. ಅಂಬಮ್ಮ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತಲೇ ಇದ್ದಳು. ಮೂವತ್ತೈದು ನಿಮಿಷ ಕಳೆದ ಮೇಲೆ ಹಗ್ಗ ಅಲುಗಿತು.

ಪಂಜರದ ಬಾಗಿಲು ತೆರೆದು ರೇಣವ್ವ ಕೆಂಪು ಮುಖ ಮಾಡಿಕೊಂಡೇ ಹೊರಗೆ ಬಂದಳು. “ಯಾರೂ ಯಾಕ ಕರೀಲಿಲ್ಲ ನನ್ನ? ಬಿಲ್ಲಿ ನಡುಗೇ ಇಲ್ಲ! ಹೊತ್ತ ಎಷ್ಟಾತು ಗೊತ್ತೈತೇನ—”

ಮಾತು ಮುಗಿಯುವ ಮೊದಲೇ ಅಂಬಮ್ಮ ಅವಳ ಕೆನ್ನೆಗೆ ಒಂದು ಬಾರಿಸಿದಳು. ಬಾರಿಸಿದ ಕೈಯಿಂದಲೇ ಎಳೆದು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಹುಡುಗಿ ಏನೂ ತಿಳಿಯದೆ ಖಾಜಾಹುಸೇನನ ಮುಖ ನೋಡಿದಳು. ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಸಂಜೆ ಮ್ಯಾನೇಜರು ವಿಚಾರಣೆ ಇಟ್ಟರು. ಕಾಯ್ದೆಯ ತಪ್ಪು, ಬ್ರೌಸರಿನ ತಪ್ಪು, ಮುಚ್ಚಿದ ಕಂಪನಿಯ ತಪ್ಪು ಎಂದು ಹೇಳಿಕೊಳ್ಳಲು ಬೇಕಾದಷ್ಟು ದಾರಿ ಇತ್ತು. ಅಂಬಮ್ಮ ನಮೂನೆಯ ಪ್ರತಿ ತೆಗೆದು ಮೂವತ್ತೊಂದನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ತೋರಿಸಿದಳು. “ಇದು ನನ್ನ ಕೈ. ಏನ ಶಿಕ್ಷಾ ಕೊಡ್ತೀರಿ ಕೊಡ್ರಿ. ಆದ್ರ ನಾಳಿ ಪಾಳಿ ಇಳಿಯೂದರಾಗ ಆ ಗಾಜಿನ ಪೆಟಗಿ ಒಡದು ಹಲಗಿ ಹೊರಗ ತಗೀರಿ.”

ಶಿಕ್ಷೆಯ ಮಾತು ಮುಂದಕ್ಕೆ ಹೋಯಿತು. ಪೆಟ್ಟಿಗೆಯ ಕೀಲಿ ಯಾರಿಗೂ ಸಿಗಲಿಲ್ಲ, ಖಾಜಾಹುಸೇನ್ ನಿಜಕ್ಕೂ ಸುತ್ತಿಗೆಯಿಂದ ಗಾಜು ಒಡೆದ.

*

ಮನೆಗೆ ಬಂದಾಗ ನಿಂಗವ್ವ ಪರದೆಯ ಮುಂದೆಯೇ ಕೂತಿದ್ದಳು. ಮಾರಾಟಗಾರರನ್ನು ಸಂಪರ್ಕಿಸಿ ಎಂಬ ಸಾಲು ಅವಳ ಮುಖದ ಮೇಲೆ ಬೆಳ್ಳಗೆ ಬಿದ್ದಿತ್ತು. ಮುದುಕಿ ಚಹಾ ಮುಟ್ಟಿರಲಿಲ್ಲ.

“ಯಂಕೋಬ ಮ್ಯಾಲ ಬಂದನೇನ?”

ಅಂಬಮ್ಮ ಅತ್ತೆಯ ಪಕ್ಕದಲ್ಲಿ ಕೂತಳು. ಅವತ್ತು ಅವಳು ಕದಲದೆ ಕೂತದ್ದೇ ಅದು ಮೊದಲು. ಮಂಚದ ತುದಿಯಲ್ಲಿ ರೇಣವ್ವ ನಿಂತಿದ್ದಳು.

“ಯಂಕೋಬ ಬರೂದಿಲ್ಲತ್ತಿ. ಅವ ತೀರಿಹೋಗಿ ಆರು ವರ್ಷ ಆತು. ನಾ ನಿನಗ ದಿನಾ ಸುಳ್ಳ ಹೇಳಾಕತ್ತಿದ್ದೆ.”

ಮುದುಕಿ ಅಳುತ್ತಾಳೆ ಎಂದು ಅಂಬಮ್ಮ ಕಾದಳು. ಮುದುಕಿ ಅಳಲಿಲ್ಲ. ಮೊಮ್ಮಗಳ ಕೊರಳಿಗೆ ಕೈ ಚಾಚಿ ಬಿಲ್ಲೆ ಹಿಡಿದು, ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದಳು.

“ಹಂಗಾರ ಇಷ್ಟು ದಿನಾ ಇದನ್ನ ಹಾಕ್ಕೊಂಡು ಇಳದಾರ ಯಾರು?”

“ನಾನಜ್ಜಿ,” ಎಂದಳು ರೇಣವ್ವ.

“ನೀ ಇಳದು, ಹೆಸರು ಅವಂದು ಬರಿಯೂದೇನ? ಸತ್ತಾವ ಕೆಳಗ ಹೋಗಿ ಏನ ಮಾಡ್ತಾನ? ಹುಚ್ಚಮುಂಡೇರು. ನಾಳಿಂದ ಇಕಿ ಹೆಸರು ಬರೀರಿ.” ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಹೆಗಲು ಅಲುಗುವುದು ಆಮೇಲೆ ಕಾಣಿಸಿತು. ಅಂಬಮ್ಮ ಅತ್ತೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತಳು.

ಮರುದಿನ ದೀಪದ ಕೋಣೆಯಲ್ಲಿ ಹಲಗೆ ಮತ್ತೆ ಗೋಡೆಗೇರಿತು. ಒಂಬೈನೂರಾ ತೊಂಬತ್ತೊಂಬತ್ತು ಮೊಳೆ, ಪ್ರತಿ ಮೊಳೆಯ ಕೆಳಗೆ ಸುಣ್ಣದಲ್ಲಿ ಒಂದು ಹೆಸರು. ಇಳಿಯುವವರು ಬಿಲ್ಲೆ ತೆಗೆದುಕೊಂಡು ಹೋಗುವುದು, ಬಂದವರು ನೇತುಹಾಕುವುದು. ಬರೀ ಮೊಳೆ ಕಂಡರೆ ಒಬ್ಬರು ಕೆಳಗಿದ್ದಾರೆ ಎಂದರ್ಥ. ಹಲಗೆಗೆ ಯಾವ ಬ್ರೌಸರೂ ಬೇಡ, ಹಲಗೆ ಯಾರನ್ನೂ ಅಡಗಿಸುವುದಿಲ್ಲ. ಅಂಬಮ್ಮ ನಾಲ್ಕುನೂರಾ ಹದಿನೇಳರ ಕೆಳಗೆ ತನ್ನ ಕೈಯಾರೆ ರೇಣವ್ವ ಎಂದು ಬರೆದಳು. ‘ಣ’ಕಾರ ಬರೆಯುವಾಗ ಕಣ್ಣು ಮಂಜಾಗಿ ಸುಣ್ಣ ಸ್ವಲ್ಪ ಚೆಲ್ಲಿತು.

ಎರಡು ಗಂಟೆಗೆ ಜನ ಏರತೊಡಗಿದರು. ಬಿಲ್ಲೆಗಳು ಒಂದೊಂದಾಗಿ ಟಣ್ ಟಣ್ ಎಂದು ಮೊಳೆಗೆ ಬೀಳುತ್ತಿದ್ದವು. ಎರಡು ಹತ್ತೊಂಬತ್ತಕ್ಕೆ ಫೋನು ಬಂತು. ಅಂಬಮ್ಮನಿಗೆ ಗೊತ್ತಿತ್ತು, ಮುದುಕಿ ನಿನ್ನೆಯದನ್ನೆಲ್ಲ ಮರೆತಿರುತ್ತಾಳೆ. ಇವತ್ತು ಮತ್ತೆ ನಿಜ ಹೇಳಬೇಕು, ನಾಳೆ ಮತ್ತೆ ಹೇಳಬೇಕು. ಹೇಳುವುದು ಎಂದೇ ಗಟ್ಟಿ ಮನಸ್ಸು ಮಾಡಿಕೊಂಡು ಫೋನೆತ್ತಿದಳು.

ಆ ಕಡೆಯಿಂದ ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು. ಮುದುಕಿ ಹೆಸರಿಗಾಗಿ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ.

“ಅಂಬೀ,” ಎಂದಳು ಕೊನೆಗೆ, “ನಾಕುನೂರಾ ಹದಿನೇಳು ಮ್ಯಾಲ ಬಂತೇನ?”

ಅಂಬಮ್ಮ ಹಲಗೆಯ ಕಡೆ ತಿರುಗಿದಳು. ಬಿಲ್ಲೆ ಮೊಳೆಯ ಮೇಲೆ ಇನ್ನೂ ತೂಗಾಡುತ್ತಿತ್ತು. ಅವಳು ಹತ್ತಿರ ಹೋಗಿ ಅದನ್ನು ಕೈಯಲ್ಲಿ ಹಿಡಿದುಕೊಂಡಳು. ಕೊರಳ ಬಿಸಿ ಇನ್ನೂ ಆರಿರಲಿಲ್ಲ.

“ಬಂತತ್ತಿ,” ಎಂದಳು.